ಪೀಠದ ಕೆಳಗಿನ ನಾಲ್ಕು ಚೀಟಿ

ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಅಳುತ್ತಿರಲಿಲ್ಲ. ಜೋರಾಗಿ ನಗುತ್ತಲೂ ಇರಲಿಲ್ಲ, ಅಜ್ಜಿಯೊಬ್ಬಳನ್ನು ಬಿಟ್ಟರೆ. ರಾಮಾಪುರದಿಂದ ಕಾಡಿನ ಕಡೆಗೆ ಒಂದಷ್ಟು ನಡೆದರೆ ಏಳೆಂಟು ಕ್ರೈಸ್ತರ ಮನೆಗಳಿದ್ದವು, ಅದರಲ್ಲಿ ನಮ್ಮದು ಕೊನೆಯದು. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ, ಮುಗಿಯಿತು ಮನೆ. ನಡುಮನೆಯ ಗೋಡೆಗೆ ಒಂದು ಹಲಗೆ ಹೊಡೆದು ಅದರ ಮೇಲೆ ಶಿಲುಬೆ, ಮಾತೆಯ ಪಟ, ಎರಡು ಮೇಣದಬತ್ತಿ ಇಟ್ಟಿದ್ದರು. ಅದನ್ನು ನಾವು ಪೀಠ ಎನ್ನುತ್ತಿದ್ದೆವು. ಪೀಠದ ಕೆಳಗಿನ ಗೂಡಿನಲ್ಲಿ ಬಣ್ಣ ಹೋದ ಒಂದು ಬಿಸ್ಕತ್ತು ಡಬ್ಬಿ ಇರುತ್ತಿತ್ತು. ಅದರಲ್ಲಿ ಬಿಸ್ಕತ್ತು ಇದ್ದದ್ದನ್ನು ನಾನಂತೂ ಕಂಡವಳಲ್ಲ. ನಡುಮನೆಗೂ ಅಡುಗೆಮನೆಗೂ ನಡುವೆ ಕದವಿಲ್ಲದ ಒಂದು ಬಾಗಿಲು. ಅದರ ಪಕ್ಕದ ಗೋಡೆಯ ಬಗ್ಗೆ ಆಮೇಲೆ ಹೇಳುತ್ತೇನೆ.

ಅಪ್ಪ ರಾಯಪ್ಪ ಉಪದೇಶಿಯಾಗಿದ್ದ. ಫಾದರು ಬಾರದ ದಿನಗಳಲ್ಲಿ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಸಾಯುವವರ ಪಕ್ಕ ಕೂರುವುದು ಅವನ ಕೆಲಸ. ಸೈಕಲ್ಲು ತುಳಿದುಕೊಂಡು ಅಜ್ಜೀಪುರ, ಬಂಡಳ್ಳಿಯವರೆಗೂ ಹೋಗಿಬರುತ್ತಿದ್ದ. ಆದರೆ ನಾನು ಹುಟ್ಟುವ ಮುಂಚೆ ಅವನು ಬೇರೆಯೇ ಮನುಷ್ಯನಂತೆ. ಕುಡಿಯುತ್ತಿದ್ದನಂತೆ. ಕುಡಿಯದಿದ್ದಾಗಲೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತಂತೆ. ಆ ಸಿಟ್ಟು ಯಾವಾಗಲೂ 'ಯಾಕೆ' ಎಂಬ ಮಾತಿನಿಂದ ಶುರುವಾಗುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಎಸ್ರಿಗೆ ಉಪ್ಪು ಯಾಕಿಲ್ಲ, ನೀರು ಯಾಕೆ ಕಾಯಿಸಿಲ್ಲ, ಯಾಕೆ ಹಾಗೆ ನೋಡುತ್ತೀಯೆ. ಮೂರನೆಯ ಯಾಕೆಗೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಹಾಗೆ ಹಾರಿದ ತಾಮ್ರದ ಚೊಂಬು ಅವ್ವನ ಹುಬ್ಬಿನ ಮೇಲೆ ಬಿದ್ದು, ಹುಬ್ಬು ಎರಡು ತುಂಡಾಗಿ ಕೂಡಿಕೊಂಡಿತ್ತು. ಆ ಚೊಂಬಿನ ಹೊಟ್ಟೆಯಲ್ಲೂ ಒಂದು ತಗ್ಗು. ನಾವು ಅದೇ ಚೊಂಬಿನಲ್ಲಿ ನೀರು ಕುಡಿದು ಬೆಳೆದೆವು. ಆ ರಕ್ತ ನೋಡಿದ ದಿನ ಅಪ್ಪ ಕುಡಿತ ಬಿಟ್ಟ. ಕುಡಿತ ಬಿಡುವುದು ಸುಲಭವಿತ್ತು, ಬುದ್ಧಿ ನಿಲ್ಲಿಸುವುದೇ ಕಷ್ಟ ಎಂದು ಅವನೇ ಹೇಳುತ್ತಿದ್ದ.

ಆ ನಿಂತ ಬುದ್ಧಿಗೆ ಅವನಿಟ್ಟ ಹೆಸರು ಸ್ವಸ್ಥಚಿತ್ತ. ದಿನಕ್ಕೆ ಹತ್ತು ಸಲ ಆ ಮಾತು ಅವನ ಬಾಯಲ್ಲಿ ಬರುತ್ತಿತ್ತು. ಅದಕ್ಕೊಂದು ಅಭ್ಯಾಸವನ್ನೂ ಮಾಡಿಕೊಂಡಿದ್ದ. ಯಾರು ಏನೇ ಕೇಳಲಿ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮೂರು ನಮೋ ಮರಿಯಾ ಹೇಳಿಕೊಂಡು, ಆಮೇಲೆಯೇ ಬಾಯಿ ಬಿಡುತ್ತಿದ್ದ. ಒಮ್ಮೆ ಹನೂರಿನ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದ. ಅಪ್ಪ ಕಣ್ಣು ಮುಚ್ಚಿಕೊಂಡ. ಕಂಡಕ್ಟರು ಎರಡು ಸಲ ಕೇಳಿ ನೋಡಿ, ನನ್ನ ಕಡೆ ತಿರುಗಿದ.

"ಏನಮ್ಮಿ, ನಿಮ್ಮಪ್ಪಂಗೆ ಕಿವಿ ಕೇಳ್ಸದಿಲ್ವಾ? ಇಲ್ಲಾ ನಿದ್ದೆ ಬಂದದಾ?"

"ಪ್ರಾರ್ಥನೆ ಮಾಡ್ತಾವ್ರೆ ಸಾ. ಈಗ ಮುಗೀತದೆ."

ಬಸ್ಸಿಡೀ ನಕ್ಕಿತು. ಅಪ್ಪ ಕಣ್ಣು ಬಿಟ್ಟು, ಏನೂ ಆಗಿಲ್ಲವೆಂಬಂತೆ, ಎರಡು ಹನೂರು ಕೊಡಿ ಎಂದ. ನನಗೆ ನಾಚಿಕೆಯಿಂದ ಸೀಟಿನೊಳಗೆ ಇಳಿದುಹೋಗಬೇಕು ಅನ್ನಿಸಿತ್ತು. ಆದರೆ ಹೇಳಿಬಿಡುತ್ತೇನೆ, ಹೆಮ್ಮೆಯೂ ಇತ್ತು. ಸುತ್ತಮುತ್ತ ಕುಡಿದು ಬಂದು ಹೆಂಡತಿಯನ್ನು ಬಡಿಯುವ ಗಂಡಸರ ನಡುವೆ ಬಯ್ಯದ, ಹೊಡೆಯದ ಅಪ್ಪ ನನ್ನೊಬ್ಬಳಿಗೇ ಇದ್ದ. ಅವನ ಆ ಶಾಂತಿಯನ್ನು ಮನೆಯವರೆಲ್ಲ ಸೇರಿ ಕಾಯುತ್ತಿದ್ದೆವು ಎಂಬುದು ಮಾತ್ರ ಆಗ ನನಗೆ ತಿಳಿದಿರಲಿಲ್ಲ. ಪಾತ್ರೆ ಬಿದ್ದರೆ ಅವ್ವ ಸದ್ದಾಗುವ ಮುಂಚೆ ಹಿಡಿಯುತ್ತಿದ್ದಳು. ನಾನು ಬಿದ್ದು ಮಂಡಿ ಕೆತ್ತಿಕೊಂಡರೆ ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ಎಲ್ಲಿ ಆ ಹಳೆಯ ಮನುಷ್ಯ ಎದ್ದುಬಿಡುತ್ತಾನೋ ಎಂದು ಅವ್ವ ಒಂದು ದಿನವೂ ನೆಮ್ಮದಿಯಾಗಿ ಉಸಿರಾಡಲಿಲ್ಲ.

ಪಕ್ಕದ ಹೊಲದ ಪುಟ್ಮಾದಮ್ಮನ ಮನೆ ಹೀಗಿರಲಿಲ್ಲ. ಆಕೆ ಮಾದಪ್ಪನ ಒಕ್ಕಲು. ಕಾಡುಬೆಕ್ಕು ಕೋಳಿ ಹೊತ್ತುಕೊಂಡು ಹೋದರೆ ಬೀದಿಗೆ ಬಂದು, ಎದೆ ಬಡಿದುಕೊಂಡು, ಬೆಟ್ಟದ ಕಡೆ ತಿರುಗಿ ದೇವರಿಗೇ ಬಯ್ಯುತ್ತಿದ್ದಳು. "ಲೇ ಮಾದಪ್ಪ, ಕಣ್ಣು ಮುಚ್ಕಂಡಿದ್ದೀಯೇನ್ಲಾ? ನನ್ ಕೋಳೀನೇ ಬೇಕಾಗಿತ್ತಾ ನಿಂಗೆ?" ಅರ್ಧ ಗಂಟೆ ಬಯ್ದು, ಮುಖ ತೊಳೆದುಕೊಂಡು, ನಗುನಗುತ್ತ ನಮ್ಮ ಮನೆಗೆ ಬೆಂಕಿ ಕೇಳಲು ಬರುತ್ತಿದ್ದಳು. ನಮ್ಮಜ್ಜಿ ಸಲೇತಮ್ಮ ಗಡಿಯಾಚೆಯ ತಮಿಳು ಊರಿನವಳು, ಅವಳಿಗೆ ಈ ಪುಟ್ಮಾದಮ್ಮನೇ ಜೀವದ ಗೆಳತಿ. "ಪಾರಡಿ, ಅವ್ಳು ದೇವ್ರ್ ಕುಟ್ಟೆ ಜಗಳ ಆಡ್ತಾಳೆ, ನಾವು ದೇವ್ರ್ ಮುಂದೆ ಪಿಸುಗುಡ್ತೀವಿ" ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು.

ಇನ್ನು ಆ ಡಬ್ಬಿಯ ವಿಷಯ. ಯೇಸು ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಒಪ್ಪೊತ್ತು. ನಡುಹಗಲಿನ ಒಂದು ಊಟ, ರಾತ್ರಿಗೆ ಗಂಜಿ. ಮಾಂಸದ ಮಾತೇ ಇಲ್ಲ. ಅದು ಎಲ್ಲ ಮನೆಗಳಲ್ಲೂ ಇದ್ದದ್ದೇ. ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು, ಅಪ್ಪನೇ ತಂದದ್ದು. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಮೇಲೆ, ಈ ನಲವತ್ತು ದಿನ ತಾನು ಏನನ್ನು ಬಿಡುತ್ತೇನೆ ಎಂದು ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಬರೆದು, ಮಡಿಸಿ, ಡಬ್ಬಿಯಲ್ಲಿ ಹಾಕಬೇಕು. ಯಾರು ಏನು ಬರೆದರೆಂದು ಇನ್ನೊಬ್ಬರು ಕೇಳಕೂಡದು, ಹೇಳಕೂಡದು. ಪಾಸ್ಕ ಹಬ್ಬದ ದಿನ ಪೂಜೆ ಮುಗಿಸಿ ಬಂದು, ಕೋಳಿ ಸಾರಿಗೆ ಕೂರುವ ಮುಂಚೆ ಡಬ್ಬಿ ತೆರೆದು ಅಪ್ಪ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದ. ಅಜ್ಜಿಯದು ಪ್ರತಿ ವರ್ಷವೂ ಹೊಗೆಸೊಪ್ಪಿನ ಕಡ್ಡಿಪುಡಿ. ಪ್ರತಿ ವರ್ಷವೂ ಅವಳು ಹಿತ್ತಲಿನ ಸೀಬೆಮರದ ಹಿಂದೆ ನಿಂತು ಕಡ್ಡಿಪುಡಿ ಹಾಕಿಕೊಳ್ಳುವುದನ್ನು ನಾನು ನೋಡಿದ್ದೇನೆ. ಅವ್ವ ಲೂರ್ದಮ್ಮನಿಗೂ ಅಜ್ಜಿಗೂ ಓದುಬರಹ ಇರಲಿಲ್ಲ. ನಾಲ್ಕನೇ ತರಗತಿಯಿಂದ ಅವರಿಬ್ಬರ ಚೀಟಿ ಬರೆಯುತ್ತಿದ್ದವಳು ನಾನೇ. ಹಾಗಾಗಿ ಮನೆಯಲ್ಲಿ ಎಲ್ಲರ ಗುಟ್ಟು ಗೊತ್ತಿದ್ದವಳೂ ನಾನೇ, ಅಪ್ಪನದೊಂದನ್ನು ಬಿಟ್ಟು. ಅದರಿಂದ ನನಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷ ನಾನು ಏಳನೆಯ ತರಗತಿ. ಅವ್ವ ನನ್ನನ್ನು ಒರಳಿನ ಹತ್ತಿರ ಕರೆದು ಕೂರಿಸಿಕೊಂಡಳು. ಹಣೆಯ ಬೂದಿ ಬೆವರಿಗೆ ಇಳಿದು ಆ ಒಡೆದ ಹುಬ್ಬಿಗೆ ಬಂದಿತ್ತು.

"ಬರ್ಕೊ. ನೋಯ್ತದೆ ಅಂತ ಯಾರ್ಗೂ ಯೋಳದಿಲ್ಲ ಅಂತ ಬರಿ."

"ಏನವ್ವ ನೋಯ್ತದೆ?"

"ಏನಿಲ್ಲ ಕಣಮ್ಮಿ. ವಸಿ ವಟ್ಟೆ ಇಡ್ಕತದೆ. ನೀನ್ ಬರಿ."

"ಅಪ್ಪಂಗೆ ಯೋಳ್ಲಾ?"

"ಬ್ಯಾಡ. ನಿಮ್ಮಪ್ಪನ ಮನ್ಸು ಈಗ ನಿಂತದೆ. ನಾನ್ ನರಳ್ಕಂಡು ಅದ್ನ ಕದಲಿಸ್ಬಾರ್ದು. ಚೀಟೀಲಿರದು ಪಾಸ್ಕದ ಗಂಟ ಸಾಮಿಗೊಬ್ರಿಗೇ ಗೊತ್ತಿರ್ಬೇಕು. ಮಾತೆ ಆಣೆ."

ನಾನು ಬರೆದೆ. ನನ್ನ ಕೈಬರಹ ಚೆಂದವೆಂದು ಶಾಲೆಯಲ್ಲಿ ಹೆಸರು. ಸಾಲು ಸೊಟ್ಟ ಆಗಬಾರದೆಂದು ಅದರ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು, 'ನೋವಾಗುತ್ತದೆ ಎಂದು ಯಾರಿಗೂ ಹೇಳುವುದಿಲ್ಲ' ಎಂದು ಗುಂಡಗೆ ಬರೆದು, ಕೊನೆಗೆ ಪೂರ್ಣವಿರಾಮವನ್ನೂ ಇಟ್ಟೆ. ನನ್ನ ಚೀಟಿಯಲ್ಲಿ ಬೆಲ್ಲ ಎಂದು ಬರೆದಿದ್ದೆ.

ಮೊದಲ ವಾರ ಏನೂ ತಿಳಿಯಲಿಲ್ಲ. ಎರಡನೆಯ ವಾರ ಅವ್ವ ಮುದ್ದೆಯ ಹಿಟ್ಟು ತೊಳಸುತ್ತ ತೊಳಸುತ್ತ ಕೋಲು ಬಿಟ್ಟು ಎದ್ದು, ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಅಂಗೈ ಊರಿ ನಿಲ್ಲುವುದನ್ನು ಕಂಡೆ. ಬಾಯಿ ಬಿಗಿಹಿಡಿದು, ಮೂಗಿನಲ್ಲಿ ಉಸಿರು ಬಿಡುತ್ತ, ಒಂದು ಜಪ ಹೇಳುವಷ್ಟು ಹೊತ್ತು ನಿಂತು, ಮತ್ತೆ ಬಂದು ಕೂತಳು. ಆಮೇಲೆ ಅದು ದಿನಾ ಆಯಿತು. ಇರುವ ಒಂದು ಊಟದಲ್ಲಿ ಅರ್ಧ ಮುದ್ದೆಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. ಅಪ್ಪ ಎದುರಿಗೇ ಕೂತಿರುತ್ತಿದ್ದ. ಅವನು ಅವಳ ತಟ್ಟೆ ನೋಡುತ್ತಿದ್ದ, ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನೇ ಕೇಳಲಿ, ಒಂದು ಮಾತು ಕೇಳಲಿ ಎಂದು ನಾನು ಒಳಗೇ ಒದ್ದಾಡುತ್ತಿದ್ದೆ. ಅವನು ಕೇಳಿದರೆ ಅವ್ವನ ವ್ರತ ಮುರಿದ ಪಾಪ ನನಗೆ ಬರುತ್ತಿರಲಿಲ್ಲ, ಅಲ್ಲವೇ? ಅವನು ಕೇಳಲಿಲ್ಲ.

ಒಂದು ಸಂಜೆ ತಡೆಯಲಾಗಲಿಲ್ಲ. ಜಪಸರ ಮುಗಿಸಿ ಅಪ್ಪ ಚಾಪೆ ಸುತ್ತುತ್ತಿದ್ದ. ಎದುರಿಗೆ ಹೋಗಿ ನಿಂತೆ.

"ಅಪ್ಪಾ, ಅವ್ವಂಗೆ..."

ಅವನು ಕೈ ಎತ್ತಿ, ಕಣ್ಣು ಮುಚ್ಚಿದ. ಮೂರು ನಮೋ ಮರಿಯಾ. ಬೇರೆ ದಿನಗಳಲ್ಲಿ ಅದು ಅಷ್ಟು ಉದ್ದ ಇರಲಿಲ್ಲ. ಮೊದಲನೆಯದು ಮುಗಿಯುವಷ್ಟರಲ್ಲಿ ನನ್ನ ಧೈರ್ಯ ಅರ್ಧ ಇಳಿದಿತ್ತು. ಎರಡನೆಯದರ ಹೊತ್ತಿಗೆ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನನ್ನನ್ನೇ ನೋಡುತ್ತ, ಬೇಡ ಎಂದು ತಲೆ ಆಡಿಸಿದಳು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುತ್ತಿದ್ದಳು. ಅಪ್ಪ ಕಣ್ಣು ಬಿಟ್ಟ.

"ಯೋಳು ಮಗ. ಅವ್ವಂಗೇನು?"

"ಸೀಗೇಕಾಯಿ ಬೇಕಂತೆ" ಎಂದೆ.

ಮಾರನೆಯ ದಿನ ಬಂಡಳ್ಳಿಯಿಂದ ಬರುವಾಗ ಸೈಕಲ್ಲಿನ ಹಿಂದೆ ಸೀಗೇಕಾಯಿಯ ದೊಡ್ಡ ಪೊಟ್ಟಣ ಕಟ್ಟಿಕೊಂಡು ಬಂದ. ಮನೆಯಲ್ಲಿ ಆಗಲೇ ಒಂದು ಮಡಕೆ ತುಂಬ ಸೀಗೇಕಾಯಿ ಇತ್ತು. ಅವನಿಗೆ ಅದು ಗೊತ್ತಿತ್ತು. ಆದರೂ ಪೊಟ್ಟಣವನ್ನು ಸುಮ್ಮನೆ ಅವ್ವನ ಮುಂದಿಟ್ಟು ಕೈಕಾಲು ತೊಳೆಯಲು ಹೋದ.

ಪಾಸ್ಕಕ್ಕೆ ಒಂದು ವಾರವಿರುವಾಗ ಬರುವ ಗರಿಗಳ ಭಾನುವಾರಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ಅಪ್ಪನ ಕೆಲಸ. ಆ ವರ್ಷವೂ ಬಳಿದ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಬಂದಾಗ ಅವನ ಕುಂಚ ನಿಂತಿತು. ಅಲ್ಲಿ ಎದೆಯೆತ್ತರದಲ್ಲಿ ರಾಗಿಹಿಟ್ಟು, ಮಸಿ, ಎಣ್ಣೆಯ ಕೈಗುರುತುಗಳು ಒಂದರ ಮೇಲೊಂದು ಕೂತು ಗೋಡೆ ಕಪ್ಪಗಾಗಿತ್ತು. ನಾನು ಸುಣ್ಣದ ಬಕೆಟ್ಟು ಹಿಡಿದು ನಿಂತಿದ್ದೆ. ಅವನು ಕಣ್ಣು ಮುಚ್ಚಿದ, ಬಿಟ್ಟ, ಕುಂಚ ಅದ್ದಿ ಮೂರು ಸಲ ಬಳಿದ. ಕೊಳೆ ಹೆಚ್ಚಾಗಿತ್ತು, ಅದಕ್ಕೆ ಮೂರು ಸಲ ಎಂದುಕೊಂಡೆ. ಮಾರನೆಯ ಬೆಳಗಾಗುವಷ್ಟರಲ್ಲಿ ಹೊಸ ಸುಣ್ಣದ ಮೇಲೆ ಒಂದು ಅಂಗೈ ಗುರುತು ಬಿದ್ದಿತ್ತು.

ಗರಿಗಳ ಭಾನುವಾರ ಕಳೆದ ಮಂಗಳವಾರ ಮಧ್ಯಾಹ್ನ ನಾನು ಶಾಲೆಯಿಂದ ಊಟಕ್ಕೆ ಬಂದಾಗ ಅವ್ವ ಒಲೆಯ ಮುಂದೆ ಬಿದ್ದಿದ್ದಳು. ಮಂಡಿ ಎದೆಗೆ ಮಡಿಸಿಕೊಂಡು, ಸೆರಗಿನ ತುದಿ ಬಾಯಿಗೆ ತುರುಕಿಕೊಂಡಿದ್ದಳು. ಆಗಲೂ ಸದ್ದು ಮಾಡಿರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು 'ಮಾತಾವೇ, ಮಾತಾವೇ' ಎನ್ನುತ್ತ ಕಾಲು ತಿಕ್ಕುತ್ತಿದ್ದಳು. ಕೂಗಿಕೊಳ್ಳಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ಕೂಗುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಓಡಿಹೋಗಿ ಪುಟ್ಮಾದಮ್ಮನ ಕೈ ಹಿಡಿದು ಎಳೆದುಕೊಂಡು ಬಂದೆ. ಆಕೆ ಒಂದು ಸಲ ನೋಡಿದವಳೇ ಬೀದಿಗೆ ಹೋಗಿ ಇಡೀ ಊರು ಕೇಳುವಂತೆ ಕಿರುಚಿದಳು. ನಮ್ಮ ಮನೆಯ ಪರವಾಗಿ ಕಿರುಚಿದವಳು ಅವಳೊಬ್ಬಳೇ. ಯಾರೋ ಹಾಲಿನ ವ್ಯಾನು ನಿಲ್ಲಿಸಿದರು. ಅಷ್ಟರಲ್ಲಿ ಅಪ್ಪನ ಸೈಕಲ್ಲು ಬಂತು. ಅಪ್ಪ ಹೊಸಿಲಲ್ಲಿ ನಿಂತು ಅವ್ವನನ್ನು ನೋಡಿದ. ನೋಡಿ, ಕಣ್ಣು ಮುಚ್ಚಿದ.

"ಅಯ್ಯೋ ನಿನ್ ಮನೆ ಕಾಯ್ವಾಗ! ಕಣ್ಣು ಬುಡೋ ಉಪದೇಶಿ! ಎಡ್ತಿ ಓಯ್ತಾವ್ಳೆ ಕಣೋ, ಎತ್ಗೊಳೋ!" ಎಂದು ಪುಟ್ಮಾದಮ್ಮ ಅವನ ಬೆನ್ನಿಗೆ ಗುದ್ದಿದಳು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು ಒಳ್ಳೆಯವರು, ಮಾಡುವುದನ್ನೆಲ್ಲ ಮಾಡಿದರು. ಹೊಟ್ಟೆಯೊಳಗಿನ ಹುಣ್ಣು ಒಡೆದಿದೆ ಎಂದರು. ಇಷ್ಟಾಗಬೇಕಾದರೆ ವಾರಗಟ್ಟಲೆ ನೋವು ತಿಂದಿರಬೇಕಲ್ಲ, ಖಾಲಿ ಹೊಟ್ಟೆ ಬೇರೆ, ಒಂದು ದಿನವೂ ಹೇಳಲಿಲ್ಲವೇ ಎಂದು ಕೇಳಿದರು. "ಯೋಳ್ಲಿಲ್ಲ ಸಾ" ಎಂದ ಅಪ್ಪ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಬುಧವಾರ ಬೆಳಿಗ್ಗೆ ಅವ್ವ ಹೋದಳು. ಪವಿತ್ರ ಗುರುವಾರ ಬರುವ ಮುಂಚೆ, ಅವತ್ತು ಸಂಜೆಯೇ ಮಣ್ಣಾಯಿತು.

ಪಾಸ್ಕದ ದಿನ ಅಪ್ಪ ಡಬ್ಬಿ ತೆರೆದ. ಬೇಡ ಕಣಪ್ಪ, ಈ ವರ್ಷ ಬೇಡ ಎಂದು ಅಜ್ಜಿ ಕಾಲು ಹಿಡಿದಳು. ಅವನು ಕೇಳಲಿಲ್ಲ. ಪದ್ಧತಿ ಎಂದರೆ ಪದ್ಧತಿ. ಮೊದಲು ಅಜ್ಜಿಯ ಚೀಟಿ, ಕಡ್ಡಿಪುಡಿ. ಆಮೇಲೆ ನನ್ನದು, ಬೆಲ್ಲ. ಮೂರನೆಯದು ಅವನದೇ. ಅದನ್ನೂ ಅದೇ ದನಿಯಲ್ಲಿ ಓದಿದ: 'ಮನೆಯಲ್ಲಿ ಯಾರನ್ನೂ ಯಾಕೆ ಎಂದು ಕೇಳುವುದಿಲ್ಲ.' ನಾಲ್ಕನೆಯದನ್ನು ಬಿಚ್ಚಿದ. ಓದಲಿಲ್ಲ. ಕಾಗದವನ್ನು ಹಿಡಿದು ನೋಡುತ್ತಲೇ ಇದ್ದ. ಅದು ನನ್ನ ಗುಂಡು ಅಕ್ಷರ, ನನ್ನ ಪೂರ್ಣವಿರಾಮ. ಅವನ ಕಣ್ಣು ನಿಧಾನವಾಗಿ ಕಾಗದದಿಂದ ನನ್ನ ಮುಖಕ್ಕೆ ಬಂತು. ಈಗ ಕೇಳುತ್ತಾನೆ, ಈಗ ಕೈಗೆ ಸಿಕ್ಕಿದ್ದು ಹಾರುತ್ತದೆ ಎಂದು ನಾನು ಕಾದೆ. ಹಾರಲಿ ಎಂದೇ ಕಾದೆ. ಅಪ್ಪ ಕಣ್ಣು ಮುಚ್ಚಿ, ಮೂರು ನಮೋ ಮರಿಯಾ ಹೇಳಿಕೊಂಡು, ಚೀಟಿಯನ್ನು ಮೊದಲಿನಂತೆ ಮಡಿಸಿ ಡಬ್ಬಿಗೆ ಹಾಕಿ, ಉಣ್ಣು ಮಗ ಎಂದ.

ಅವನು ಎಂದೂ ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ, ನಾನು ಟೀಚರ್ ತರಬೇತಿಗೆ ಹೋದಾಗಲೂ ಇಲ್ಲ, ನನ್ನ ಮದುವೆಯ ದಿನವೂ ಇಲ್ಲ. 'ಮಗ, ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ' ಎಂಬ ಒಂದು ಪ್ರಶ್ನೆ. ನನಗೆ ಆ ಪ್ರಶ್ನೆ ಬೇಕಿತ್ತು. ಒಂದು ಏಟು ಬೇಕಿತ್ತು. ಬಯ್ದಿದ್ದರೆ ನಾನೂ ಕೂಗಿಕೊಂಡು, ನೀನ್ಯಾಕೆ ಕೇಳಲಿಲ್ಲ ಎಂದು ಅವನ ಎದೆಗೆ ಗುದ್ದಿ, ಇಬ್ಬರೂ ಒಮ್ಮೆ ಅತ್ತು ಮುಗಿಸಬಹುದಿತ್ತು. ಅದರ ಬದಲು ನನಗೂ ಅವನ ಅಭ್ಯಾಸವೇ ಬಂತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಒಮ್ಮೆಯೂ ದನಿ ಏರಿಸಲಿಲ್ಲ. ಫಿಲೋಮಿನಾ ಟೀಚರ್ ಎಷ್ಟು ಸಮಾಧಾನ ನೋಡಿ ಎಂದು ಜೊತೆಯವರು ಹೊಗಳುತ್ತಿದ್ದರು. ಅದು ಸ್ವಸ್ಥಚಿತ್ತವೋ, ಬರೀ ಹೆದರಿಕೆಯೋ, ನನಗೆ ಇವತ್ತಿಗೂ ತಿಳಿಯದು. ಅಪ್ಪ ಕೆಟ್ಟವನಲ್ಲ. ಒಂದು ಕೇಡನ್ನು ಬಿಡಲು ಹೋಗಿ, ಅದರ ಜೊತೆಗೆ ಬೇಕಾದ ಒಂದು ಮಾತನ್ನೂ ಬಿಟ್ಟುಬಿಟ್ಟ. ಅವನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಮನಸ್ಸು ಬರುತ್ತದೆ, ಆದರೆ ಸುಳ್ಳು ಬರೆಯಲಾರೆ.

ಈಗ ಅಪ್ಪ ಕೊಳ್ಳೇಗಾಲದಲ್ಲಿ ನನ್ನ ಜೊತೆಯಲ್ಲಿದ್ದಾನೆ. ಎರಡು ವರ್ಷದಿಂದ ಅವನ ಬುದ್ಧಿ ಜಾರಿದೆ. ಅಷ್ಟು ವರ್ಷ ಕಟ್ಟಿದ್ದು ನೋಡುನೋಡುತ್ತಲೇ ಸಡಿಲವಾಯಿತು. ಈಗ ಅವನ ಬಾಯಲ್ಲಿ ನಮೋ ಮರಿಯಾ ಇಲ್ಲ, ದಿನವಿಡೀ 'ಯಾಕೆ'. ತಿಂಗಳ ಮೊದಲ ಶುಕ್ರವಾರ ಪ್ರಸಾದ ತಂದ ಫಾದರಿಗೆ 'ಯಾಕ್ ಬಂದ್ರಿ' ಎನ್ನುತ್ತಾನೆ. ಫ್ಯಾನು ಯಾಕೆ ತಿರುಗುತ್ತದೆ, ಗೇಟು ಯಾಕೆ ಹಾಕಿದೆ. ನನ್ನ ಸೊಸೆಗೆ ನಗು ಬರುತ್ತದೆ. ನನಗೆ ಬರುವುದಿಲ್ಲ. ಈ ತಪಸ್ಸುಕಾಲದ ಒಂದು ಮಧ್ಯಾಹ್ನ, ಉಂಡ ಎಲೆ ತೆಗೆಯಲು ಬಗ್ಗಿದಾಗ ಸೊಂಟ ಹಿಡಿದು, ನಾನು ಗೋಡೆಗೆ ಕೈ ಕೊಟ್ಟು ನಿಂತೆ. ಅಪ್ಪ ಕುರ್ಚಿಯಿಂದ ನೋಡುತ್ತಿದ್ದ.

"ಲೂರ್ದು, ಯಾಕ್ ಗ್ವಾಡೆ ಇಡ್ಕತೀಯೆ? ದಿನಾ ಇಡ್ಕತೀಯೆ. ಸುಣ್ಣದ್ ಮೇಲೆ ಐದು ಬೆಳ್ಳೂ ಅವೆ, ನಾನ್ ನೋಡ್ಲಿಲ್ಲ ಅಂದ್ಕಂಡಾ?"

ನನ್ನ ಕೈ ಗೋಡೆಯಲ್ಲೇ ಉಳಿಯಿತು. ಅವನು ನೋಡಿದ್ದ. ಎಲ್ಲವನ್ನೂ ನೋಡಿದ್ದ.

"ನೋಯ್ತದಾ? ಯಾಕ್ ಯೋಳಲ್ಲ ನೀನು? ನೋಯ್ತದಾ?"

"ಊ" ಎಂದೆ. "ನೋಯ್ತದೆ. ಬಾಳ ನೋಯ್ತದೆ."

ಅಪ್ಪ ಎದ್ದುಬಿಟ್ಟ. ಕಣ್ಣು ಮುಚ್ಚಲಿಲ್ಲ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಹುಡುಕಲೂ ನಿಲ್ಲದೆ, ನನ್ನ ಮಣಿಕಟ್ಟು ಹಿಡಿದು, "ಬಾ ಬಾ, ಬಸ್ ಓಯ್ತದೆ, ಆಸ್ಪತ್ರೆಗೆ ಓಗವ" ಎಂದು ಎಳೆದ. ತಡೆಯಬಹುದಿತ್ತು. ತಡೆಯಲಿಲ್ಲ. ಬಿಸಿಲಲ್ಲಿ ಬೀದಿ ದಾಟಿ ಮುಖ್ಯರಸ್ತೆಯ ನಿಲ್ದಾಣದವರೆಗೂ ಅವನು ನಡೆಸಿಕೊಂಡು ಹೋದ. ಇನ್ನೊಂದು ಪಾದ ಟಾರಿನ ಮೇಲೆ ಸುಡುತ್ತಿತ್ತು, ಅವನಿಗೆ ಲೆಕ್ಕವಿಲ್ಲ. ಹನೂರಿನ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಅಪ್ಪ ಬಾಗಿಲ ಕಂಬಿ ಹಿಡಿದುಕೊಂಡ.

"ಸಾ, ಕೊಳ್ಳೇಗಾಲಕ್ಕೆ ಓಗ್ತದಾ? ಜಲ್ದಿ ಓಗ್ಬೇಕು ಸಾ, ನಮ್ಮೆಡ್ತಿಗೆ ಉಸಾರಿಲ್ಲ."

"ಇದೇ ಕೊಳ್ಳೇಗಾಲ ಕಣಜ್ಜ, ಬಂದ್ಬುಟ್ಟಿದ್ದೀಯೆ" ಎಂದು ಕಂಡಕ್ಟರು ನಗುತ್ತ ಸೀಟಿ ಊದಿದ.

ಬಸ್ಸು ಹೋಯಿತು. ಅಪ್ಪ ಸುತ್ತಲೂ ನೋಡಿದ. ಅಂಗಡಿಗಳನ್ನು ನೋಡಿದ, ಆಟೋಗಳನ್ನು ನೋಡಿದ. ಬಂದುಬಿಟ್ಟೆವು ಎಂಬ ನೆಮ್ಮದಿ ಒಂದು ಗಳಿಗೆ ಅವನ ಮುಖದಲ್ಲಿ ಕಂಡಿತು. ಆಮೇಲೆ ನನ್ನ ಕಡೆ ತಿರುಗಿ, ಹಿಡಿದಿದ್ದ ಕೈಯನ್ನು ನೋಡಿ, ಯಾರದೋ ಕೈ ಎನ್ನುವಂತೆ ಬಿಟ್ಟ.

"ನೀನ್ಯಾರವ್ವ? ಲೂರ್ದು ಎಲ್ಲಿ? ಯಾಕ್ ಅವ್ಳು ಬರ್ಲಿಲ್ಲ?"

ನಾನು ಕಣ್ಣು ಮುಚ್ಚಿಕೊಂಡೆ. ಒಂದು ನಮೋ ಮರಿಯಾ ಹೇಳಿದೆ, ಎರಡು ಹೇಳಿದೆ, ಮೂರೂ ಮುಗಿಯಿತು. ಕಣ್ಣು ಬಿಟ್ಟಾಗ ಅಪ್ಪ ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದ.